ಕಿವಿಗೆ ಬೆಳ್ಳುಳ್ಳಿ ಎಣ್ಣೆ, ಡಬ್ಬಿಯಲ್ಲಿ ಗಿಂಕೊ

(ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

ಅವರಿಗೆ ಅರವತ್ತರ ಹತ್ತಿರ ವಯಸ್ಸು. ಹಿಟ್ಟಿನ ಗಿರಣಿಯಲ್ಲೇ ಬದುಕು ಕಳೆದವರು. ಗಿರಣಿ ಮಗನಿಗೆ ಬಿಟ್ಟು ಮನೆಯಲ್ಲಿ ಕೂತ ಮೇಲೆ ಎರಡೂ ಕಿವಿಯಲ್ಲಿ ಗುಂಯ್ ಅನ್ನೋದು, ಅಂದರೆ ಕಿವಿಮೊರೆತ, ಜಾಸ್ತಿಯಾಯಿತು. ನಿದ್ದೆ ಇಲ್ಲ, ಮಾತೆತ್ತಿದರೆ ಸಿಟ್ಟು. ಹೆಂಡತಿಯೇ ಚಿಕಿತ್ಸೆಗೆಂದು ನನ್ನ ಹತ್ತಿರ ಕರೆದುಕೊಂಡು ಬಂದರು.

ಅಷ್ಟರಲ್ಲಿ ಮದ್ದುಗಳು ಸಾಕಷ್ಟು ಆಗಿದ್ದವು. ಎಣ್ಣೆಯಲ್ಲಿ ಬೆಳ್ಳುಳ್ಳಿ ಕೆಂಪಗೆ ಹುರಿದು, ಸೋಸಿ ಕಿವಿಗೆ ಬಿಟ್ಟಿದ್ದರು. ತುಳಸಿ ರಸ, ಬಿಲ್ವ ತೈಲವೂ ಆಗಿತ್ತು. ಕೊನೆಗೆ ಅಮೆರಿಕದಿಂದ ಅಳಿಯ ಕಳಿಸಿದ ಗಿಂಕೊ (ಒಂದು ಮರದ ಎಲೆಯ ಸಾರ) ಮಾತ್ರೆ. ಡಬ್ಬಿ ನೋಡಿ, "ಬೇರೆ ಯಾವ ಮಾತ್ರೆ ತಗೋತೀರಿ?" ಅಂದೆ. ಹೃದಯಕ್ಕೆ ಸ್ಟೆಂಟ್ ಆಗಿದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಎರಡೂ ನಡೆಯುತ್ತಿವೆ. ಇವುಗಳ ಜೊತೆ ಗಿಂಕೊ ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚಬಹುದು. ಪ್ರಯೋಜನವೂ ಕಾಣೆ. ಬಿಡದೆ ಕಾಡುವ ಕಿವಿಮೊರೆತಕ್ಕೆ ಗಿಂಕೊ ಸೂಚಿಸಬೇಡಿ ಎಂದು ಅಮೆರಿಕದ ಕಿವಿ-ಮೂಗು-ಗಂಟಲು ವೈದ್ಯರ ಅಕಾಡೆಮಿ 2014ರಲ್ಲೇ ಹೇಳಿದೆ. ಗಿಂಕೊ ಬಿಡಿ, ಹೃದಯದ ಮಾತ್ರೆ ಮಾತ್ರ ನೀವಾಗಿ ನಿಲ್ಲಿಸಬೇಡಿ, ಹೃದಯದ ಡಾಕ್ಟರಿಗೂ ವಿಷಯ ತಿಳಿಸಿ ಅಂದೆ.

ಎಣ್ಣೆಯೂ ಬೇಡ. ಗಿರಣಿಯ ಸದ್ದಿಗೆ ಪೆಟ್ಟಾಗೋದು ಒಳಕಿವಿಯ ಜೀವಕೋಶಗಳಿಗೆ. ಎಣ್ಣೆ ಅಲ್ಲಿಗೆ ಹೋಗಲ್ಲ. ಕಿವಿತಮಟೆ ತೂತಾಗಿದ್ದರಂತೂ ಒಳಗಿಳಿದು ಸೋಂಕಾಗಬಹುದು. ಬೆಳ್ಳುಳ್ಳಿ ಒಗ್ಗರಣೆಗಿರಲಿ. ಇಎನ್‌ಟಿ ಡಾಕ್ಟರ ಹತ್ತಿರ ಕಳಿಸಿದೆ. ಪರೀಕ್ಷೆಯಲ್ಲಿ ಕೀಚಲು ಸದ್ದುಗಳು ಸರಿಯಾಗಿ ಕೇಳಿಸುತ್ತಿಲ್ಲ ಅಂತ ಗೊತ್ತಾಯಿತು. ಶ್ರವಣ ಸಾಧನ ಹಾಕಿಸಿಕೊಳ್ಳಲು ಮೊದಲು ನಾಚಿಕೆ, ಆಮೇಲೆ ಒಪ್ಪಿದರು. ಗಿರಣಿಯಲ್ಲಿ ಮಗ ಸದ್ದು ತಡೆಯುವ ಇಯರ್‌ಮಫ್ ಹಾಕಿಕೊಳ್ಳಲಿ ಅಂತಲೂ ಹೇಳಿದೆ.

ನನಗೆ ಮುಖ್ಯ ಅನ್ನಿಸಿದ್ದು ಬೇರೆ. ಬೆಳಗ್ಗೆ ಎದ್ದ ಕೂಡಲೇ ಇವರು ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಉಸಿರು ಬಿಗಿಹಿಡಿದು ಕೇಳಿಸಿಕೊಳ್ಳುತ್ತಿದ್ದರು. ಮದ್ದು ಹತ್ತಿತಾ ಅಂತ ನೋಡಲು. ಹೆಂಡತಿ ಬಾಗಿಲಲ್ಲಿ ನಿಂತು, "ಹೋಯ್ತೇನ್ರೀ?" ಅನ್ನೋರು. ಪ್ರತಿ ಹೊಸ ಮದ್ದಿಗೂ ಇದೇ. ಹುಡುಕಿಕೊಂಡು ಹೋದರೆ ಆ ಸದ್ದು ಸಿಕ್ಕೇ ಸಿಗುತ್ತೆ, ಅಲ್ವಾ?

ಆ ತಪಾಸಣೆ ನಿಲ್ಲಿಸಿ ಅಂದೆ. ರಾತ್ರಿ ಫ್ಯಾನ್ ಓಡಲಿ, ರೇಡಿಯೋ ಸಣ್ಣಗೆ ಇರಲಿ, ಪೂರ್ತಿ ನಿಶ್ಶಬ್ದ ಬೇಡ. "ಹೀಗೇ ಇದ್ದರೆ ಹುಚ್ಚು ಹಿಡಿಯುತ್ತೆ" ಅನ್ನೋ ಭಯದ ಮೇಲೆ ನಾವಿಬ್ಬರೂ ವಾರವಾರ ಕೂತು ಕೆಲಸ ಮಾಡಿದೆವು. ಸಂಕಟ ತಗ್ಗಿಸಲು ಇದುವರೆಗೆ ಒಳ್ಳೆಯ ಆಧಾರ ಇರುವುದು ಈ ಬಗೆಯ ಸಿಬಿಟಿಗೇ, ಅಂದರೆ ಯೋಚನೆ, ನಡವಳಿಕೆ ಬದಲಿಸಿಕೊಳ್ಳುವ ಮಾತಿನ ಚಿಕಿತ್ಸೆಗೇ. ಹೆಂಡತಿಗೆ, "ನಿದ್ದೆ ಬಂತಾ ಅಂತ ಕೇಳಿ, ಸಾಕು" ಅಂದೆ. ಸದ್ದು ಈಗಲೂ ಇದೆ. ನಿದ್ದೆ ಬರುತ್ತಿದೆ.

ಒಂದೇ ಕಿವಿಯಲ್ಲಿ ಮೊರೆತ, ನಾಡಿಬಡಿತದಂತೆ ಡಬ್ ಡಬ್ ಸದ್ದು, ತಲೆಸುತ್ತು ಇದ್ದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ಇಎನ್‌ಟಿ ಡಾಕ್ಟರಿಗೆ ತೋರಿಸಿ. ಇದ್ದಕ್ಕಿದ್ದಂತೆ ಕಿವಿ ಕೇಳಿಸದೇ ಹೋದರೆ ಅದೇ ದಿನ ಹೋಗಿ.