ಬ್ಲಾಕ್ ಮಾಡಿದ ಫೋನ್ ಮರುದಿನ ಮತ್ತೆ ವೈಫೈಗೆ ಬಂತು, ಏನು ಮಾಡಲಿ?

ಪ್ರಶ್ನೆ: ನಮ್ಮ ಮನೆ ಬಾಗಲಕೋಟೆಯ ವಿದ್ಯಾಗಿರಿಯಲ್ಲಿದೆ. ಮೇಲಿನ ಎರಡು ರೂಮಿನಲ್ಲಿ ಇಂಜಿನಿಯರಿಂಗ್ ಓದುವ ಹುಡುಗರು ಬಾಡಿಗೆಗಿದ್ದಾರೆ. ಪರೀಕ್ಷೆ ಇದೆ ಅಂದಾಗ ವೈಫೈ ಪಾಸ್‌ವರ್ಡ್ ಕೊಟ್ಟಿದ್ದೆ. ಅದು ನನ್ನ ಮೊಬೈಲ್ ನಂಬರೇ. ಮೇಲೂ ಸಿಗಲಿ ಅಂತ ರೌಟರ್ ಮೆಟ್ಟಿಲ ಹತ್ತಿರ ಇದೆ. ಈಗ ಸಂಜೆಯಾದರೆ ನೆಟ್ ತೆವಳುತ್ತದೆ. ರೌಟರ್‌ನಲ್ಲಿ ನೋಡಿದರೆ 17 ಹೆಸರು, ನಮ್ಮವು ಆರೇ. ಒಂದು ಫೋನನ್ನು ಮ್ಯಾಕ್ ಫಿಲ್ಟರ್‌ನಲ್ಲಿ ಬ್ಲಾಕ್ ಮಾಡಿದೆ. ಮರುದಿನ ಮತ್ತೆ ಬಂದಿತ್ತು! ಮನೆಯವರ ಇಳಕಲ್ ಸೀರೆ ವ್ಯಾಪಾರದ ಲೆಕ್ಕ, ಬ್ಯಾಂಕ್ ಕೆಲಸ ಇದೇ ನೆಟ್‌ನಲ್ಲಿ. ಹುಡುಗರಿಗೆ ಪೂರ್ತಿ ಬಂದ್ ಮಾಡಲು ಮನಸ್ಸಿಲ್ಲ.

ಉತ್ತರ: ಅಕ್ಕಾರೇ, ನೀವು ಬ್ಲಾಕ್ ಮಾಡಿದ್ದು ಫೋನನ್ನಲ್ಲ, ಒಂದು ನಂಬರನ್ನು. ಮ್ಯಾಕ್ ಅಂದರೆ ಸಾಧನ ರೌಟರ್‌ಗೆ ಹೇಳಿಕೊಳ್ಳುವ 12 ಅಕ್ಷರದ ಗುರುತು. ಅಂಗಡಿ, ಮಾಲ್‌ಗಳಲ್ಲಿ ಆ ಗುರುತು ಹಿಡಿದು ಜನರ ಓಡಾಟ ಗಮನಿಸಬಹುದು ಅಂತ, ಆಂಡ್ರಾಯ್ಡ್ 10 ಮತ್ತು ಐಫೋನ್‌ನ ಐಓಎಸ್ 14ರಿಂದ ಫೋನ್‌ಗಳು ಸುಳ್ಳು ಮ್ಯಾಕ್ ಕೊಡುತ್ತವೆ. ಸೆಟ್ಟಿಂಗ್‌ನಲ್ಲಿ ಒಂದು ಆಯ್ಕೆ ಬದಲಿಸಿದರೆ ನಂಬರೂ ಬದಲು. ‘ಇಷ್ಟೇ ಸಾಧನಕ್ಕೆ ಅನುಮತಿ’ ಅಂತ ಪಟ್ಟಿ ಮಾಡಿದರೂ ಅಷ್ಟೇ. ಒಳಗಿರುವ ಫೋನಿನ ಮ್ಯಾಕ್ ಗಾಳಿಯಲ್ಲಿ ಮುಚ್ಚುಮರೆಯಿಲ್ಲದೆ ಹೋಗುತ್ತದೆ. ಗೊತ್ತಿರುವವರು ಅದನ್ನು ನಕಲು ಮಾಡುತ್ತಾರೆ. ಹಾಗಾಗಿ ಒಂದೊಂದೇ ಫೋನಿನ ಬೆನ್ನು ಹತ್ತಬೇಡಿ. ಬೀಗವನ್ನೇ, ಅಂದರೆ ಪಾಸ್‌ವರ್ಡನ್ನೇ ಬದಲಿಸಿ.

ಹುಡುಗರ ಮೇಲೆ ಸಿಟ್ಟಾಗಬೇಡಿ. ಈಗಿನ ಫೋನ್‌ಗಳು ವೈಫೈ ಪಾಸ್‌ವರ್ಡನ್ನು ಕ್ಯೂಆರ್ ಕೋಡ್ ಆಗಿ ತೋರಿಸುತ್ತವೆ. ಗೆಳೆಯ ಬಂದ, ಸ್ಕ್ಯಾನ್ ಮಾಡಿದ, ಮುಗಿಯಿತು. 17 ಆಗಲು ಇಷ್ಟು ಸಾಕು.

ಮೊಬೈಲ್ ನಂಬರನ್ನು ಪಾಸ್‌ವರ್ಡ್ ಮಾಡುವ ಅಭ್ಯಾಸ ನನಗೆ ನಿಜಕ್ಕೂ ಭಯ ಹುಟ್ಟಿಸುತ್ತದೆ. ವಿಜಯಪುರದ ನನ್ನ ತಂಗಿ ಮನೆಯಲ್ಲೂ ಕನೆಕ್ಷನ್ ಹಾಕಲು ಬಂದವರು ಹೀಗೇ ಮಾಡಿ ಹೋಗಿದ್ದರು. ನಮ್ಮ ಮೊಬೈಲ್ ನಂಬರ್‌ಗಳು 6, 7, 8, 9ರಿಂದಲೇ ಶುರುವಾಗುತ್ತವೆ, ಅಲ್ವಾ? ಅಂದರೆ ಹೆಚ್ಚೆಂದರೆ 400 ಕೋಟಿ ಸಾಧ್ಯತೆ. ನಿಮ್ಮ ಫೋನ್ ರೌಟರ್‌ಗೆ ಸೇರುವ ಹೊತ್ತಿನ ಸಂಕೇತವನ್ನು ಹಿಡಿದಿಟ್ಟುಕೊಂಡರೆ, ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್ ಅಷ್ಟನ್ನೂ ಕೆಲವೇ ಗಂಟೆಯಲ್ಲಿ ಹಾಕಿ ನೋಡುತ್ತದೆ. ಪಾಸ್‌ವರ್ಡ್ 8ರಿಂದ 63 ಅಕ್ಷರದವರೆಗೆ ಇರಬಹುದು. ಒಂದಕ್ಕೊಂದು ಸಂಬಂಧವಿಲ್ಲದ ಐದು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ. ಕರದಂಟು, ಏಣಿ, ಎಮ್ಮೆ, ಕೊಡೆ, ಬುಧವಾರ, ಹೀಗೆ. ಇವನ್ನೇ ಹಾಕಬೇಡಿ, ನಿಮ್ಮದೇ ಐದು ಹುಡುಕಿ.

ರೌಟರ್‌ನ ಕೆಳಗಿನ ಚೀಟಿಯಲ್ಲಿ ಅದರ ವಿಳಾಸ ಇರುತ್ತದೆ, ಸಾಮಾನ್ಯವಾಗಿ 192.168.1.1 ಅಥವಾ 192.168.0.1. ಬ್ರೌಸರ್‌ನಲ್ಲಿ ಅದನ್ನು ತೆರೆದು ಮೊದಲು ಅಡ್ಮಿನ್ ಪಾಸ್‌ವರ್ಡ್ ಬದಲಿಸಿ. ವೈಫೈ ಪಾಸ್‌ವರ್ಡ್ ಬೇರೆ, ರೌಟರ್‌ನ ಸೆಟ್ಟಿಂಗ್ ತೆರೆಯುವ ಇದು ಬೇರೆ. ಇದು ಹಳೆಯದೇ ಉಳಿದರೆ ಒಳಗಿರುವ ಯಾರಾದರೂ ನಿಮ್ಮ ಹೊಸ ಬೀಗವನ್ನೂ ನೋಡಬಹುದು. ಆಮೇಲೆ ವೈಫೈ ಪಾಸ್‌ವರ್ಡ್ ಬದಲಿಸಿ. ಎಲ್ಲ 17 ಹೊರಬೀಳುತ್ತವೆ. ನಿಮ್ಮ ಆರಕ್ಕೆ ಮಾತ್ರ ಹೊಸದು ಹಾಕಿ. ಎರಡು ದಿನ ಮನೆಯಲ್ಲಿ ಏನೇನು ನಿಂತುಹೋಯಿತು ನೋಡಿ. ಸ್ಮಾರ್ಟ್ ಬಲ್ಬ್, ಪ್ಲಗ್‌ಗಳು ಪಟ್ಟಿಯಲ್ಲಿ ಎಸ್‌ಪ್ರೆಸಿಫ್ ಅನ್ನುವಂಥ ಚಿಪ್ ಕಂಪನಿಯ ಹೆಸರಲ್ಲಿ ಕಾಣುತ್ತವೆ. ಕಳ್ಳ ಅಂದುಕೊಂಡಿದ್ದರಲ್ಲಿ ಒಂದೆರಡು ನಿಮ್ಮವೇ ಇರಬಹುದು.

ಅಲ್ಲೇ ಡಬ್ಲ್ಯೂಪಿಎಸ್ ಆಫ್ ಮಾಡಿ. ಪಾಸ್‌ವರ್ಡ್ ಇಲ್ಲದೆ ಬಟನ್ ಒತ್ತಿ ಅಥವಾ ಪಿನ್ ಹಾಕಿ ವೈಫೈಗೆ ಸೇರಿಸುವ ಸೌಲಭ್ಯ ಅದು. ಅದರ ಪಿನ್ 8 ಅಂಕಿಯದು. ಆದರೆ ರೌಟರ್ ಅದನ್ನು ಎರಡು ತುಂಡು ಮಾಡಿ ಪರೀಕ್ಷಿಸುತ್ತದೆ, ಕೊನೆಯ ಅಂಕಿಯನ್ನು ಉಳಿದವುಗಳಿಂದ ಲೆಕ್ಕ ಹಾಕಬಹುದು. ಹಾಗಾಗಿ 11,000 ಪ್ರಯತ್ನದಲ್ಲಿ ಪಿನ್ ಸಿಗುತ್ತದೆ ಅಂತ 2011ರಲ್ಲೇ ಬಯಲಾಗಿದೆ. ಭದ್ರತೆಯ (ಸೆಕ್ಯುರಿಟಿ) ಜಾಗದಲ್ಲಿ ವೈಫೈಯನ್ನು ಕಾಯುವ ವಿಧಾನಗಳ ಪಟ್ಟಿ ಇರುತ್ತದೆ. ಡಬ್ಲ್ಯೂಪಿಎ3 ಇದ್ದರೆ ಅದನ್ನು, ಇಲ್ಲದಿದ್ದರೆ ಡಬ್ಲ್ಯೂಪಿಎ2 ಎಇಎಸ್ ಆರಿಸಿ. ರಿಮೋಟ್ ಮ್ಯಾನೇಜ್‌ಮೆಂಟ್, ಅಂದರೆ ಹೊರಗಿನ ಇಂಟರ್ನೆಟ್‌ನಿಂದ ರೌಟರ್ ಸೆಟ್ಟಿಂಗ್ ತೆರೆಯುವ ಆಯ್ಕೆ, ಬೇಡ. ಫರ್ಮ್‌ವೇರ್ (ರೌಟರ್ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಇದ್ದರೆ ಹಾಕಿ. ವೈಫೈ ಹೆಸರು ಮುಚ್ಚಿಡುವುದು ಸುಮ್ನೆ ಶ್ರಮ.

ಹುಡುಗರಿಗೆ ಗೆಸ್ಟ್ ನೆಟ್‌ವರ್ಕ್ ಕೊಡಿ. ಹೆಸರು ಬೇರೆ, ಪಾಸ್‌ವರ್ಡ್ ಬೇರೆ. ಮನೆ ನೆಟ್‌ವರ್ಕ್‌ನ ಸಾಧನಗಳನ್ನು ಗೆಸ್ಟ್‌ಗಳು ಮುಟ್ಟಲು ಬಿಡುವ ಆಯ್ಕೆ ಇದ್ದರೆ ಆಫ್ ಇರಲಿ. ಆಗ ಸೀರೆ ಲೆಕ್ಕದ ಕಂಪ್ಯೂಟರ್, ಕ್ಯಾಮೆರಾ ಅವರ ಕೈಗೆ ಸಿಗುವುದಿಲ್ಲ. ಬ್ಯಾಂಕ್ ವೆಬ್‌ಸೈಟ್, ಆ್ಯಪ್‌ಗಳ ಮಾಹಿತಿ ಹೇಗೂ ಗೂಢಲಿಪಿಯಲ್ಲೇ ಹೋಗುತ್ತದೆ, ಆ ಚಿಂತೆ ಅಷ್ಟು ಬೇಡ. ಕೆಲವು ರೌಟರ್‌ಗಳಲ್ಲಿ ಗೆಸ್ಟ್‌ಗೆ ಸ್ಪೀಡ್ ಮಿತಿಯನ್ನೂ ಹಾಕಬಹುದು, ಸಂಜೆಯ ತೊಂದರೆಗೆ ಅದೇ ಮದ್ದು. ಬಾಡಿಗೆದಾರರು ಬದಲಾದಾಗಲೆಲ್ಲ ಆ ಪಾಸ್‌ವರ್ಡ್ ಬದಲಿಸಿ. ಯಾರೇ ಏನೇ ಮಾಡಿದರೂ ಕನೆಕ್ಷನ್ ನಿಮ್ಮ ಹೆಸರಲ್ಲಿದೆ, ಪೊಲೀಸರ ವಿಚಾರಣೆ ಮೊದಲು ಬರುವುದು ನಿಮ್ಮ ಬಾಗಿಲಿಗೆ.

ಇನ್ನು ಆ ಮೆಟ್ಟಿಲ ಹತ್ತಿರದ ರೌಟರ್. ಅದನ್ನು ಒಳಗೆ ತನ್ನಿ. ಅದರಲ್ಲಿ ರಿಸೆಟ್ ತೂತು ಇರುತ್ತದೆ. ಯಾರಾದರೂ ಸೂಜಿ ಚುಚ್ಚಿ ಹತ್ತು ಸೆಕೆಂಡ್ ಹಿಡಿದರೆ ನೀವು ಮಾಡಿದ್ದೆಲ್ಲ ಅಳಿಸಿ, ಮತ್ತೆ ಚೀಟಿಯಲ್ಲಿರುವ ಪಾಸ್‌ವರ್ಡೇ ಬರುತ್ತದೆ. ಮೇಲೆ ಸಿಗ್ನಲ್ ಸ್ವಲ್ಪ ಕಡಿಮೆಯಾದೀತು. ವೈಫೈ ಅಲೆಗಳು 2.4 ಮತ್ತು 5 ಗಿಗಾಹರ್ಟ್ಸ್ ಅಂತ ಇರುತ್ತವೆ. ಗೆಸ್ಟ್ ನೆಟ್‌ವರ್ಕ್ 2.4ರಲ್ಲಿ ಇಡಿ, 5ಕ್ಕಿಂತ ಅದು ಗೋಡೆ ದಾಟುವುದು ಜಾಸ್ತಿ.