ಮನೆ ಅತ್ತೆಯ ಹೆಸರಿನಲ್ಲಿದ್ದರೆ ಹಕ್ಕಿಲ್ಲವೇ?

ಪ್ರಶ್ನೆ: ಗಂಡ ಕುಡಿದು ಹೊಡೆಯುತ್ತಾರೆ. ಆರು ವರ್ಷದ ಮಗಳೊಂದಿಗೆ ತವರಿಗೆ ಬಂದಿದ್ದೇನೆ. ಮನೆ ಅತ್ತೆಯ ಹೆಸರಿನಲ್ಲಿದೆ, ನಿನಗೆ ಹಕ್ಕಿಲ್ಲ ಎನ್ನುತ್ತಾರೆ. ಏನು ಮಾಡಲಿ?
– ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ಆ ಮಾತಿಗೆ ಹೆದರಬೇಡಿ. ನೀವು ಸಂಸಾರ ಮಾಡಿದ ಮನೆಯಲ್ಲಿ ವಾಸಿಸುವ ಹಕ್ಕನ್ನು 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯೇ ಕೊಟ್ಟಿದೆ. ಮನೆ ಅತ್ತೆ-ಮಾವನ ಹೆಸರಿನಲ್ಲಿದ್ದರೂ ಈ ಹಕ್ಕು ಕೇಳಬಹುದೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಇದು ವಾಸದ ಹಕ್ಕು, ಆಸ್ತಿಯಲ್ಲಿ ಪಾಲಲ್ಲ.

ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಅವರೇ ಈ ಕಾಯ್ದೆಯಡಿ ದೂರು ಪಡೆಯುವ ಸಂರಕ್ಷಣಾಧಿಕಾರಿ. ತವರಿನ ಊರಿನಲ್ಲೇ ದೂರು ಕೊಡಬಹುದು. ಅವರು ಬರೆಯುವ ಕೌಟುಂಬಿಕ ಘಟನಾ ವರದಿಯಲ್ಲಿ ‘ಯಾವಾಗಲೂ ಹೊಡೆಯುತ್ತಾರೆ’ ಎಂದಷ್ಟೇ ಬರೆಸಿದರೆ ಪ್ರಕರಣ ಸೊರಗುತ್ತದೆ. ದಿನಾಂಕ, ಹೊತ್ತು, ಯಾವುದರಿಂದ ಹೊಡೆದರು, ಮಗಳು ಎಲ್ಲಿದ್ದಳು, ಯಾರು ನೋಡಿದರು, ಎಲ್ಲವನ್ನೂ ಬರೆಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಗಾಯ ತೋರಿಸುವಾಗ ‘ಗಂಡ ಹೊಡೆದದ್ದು’ ಎಂದೇ ಹೇಳಿ. ಮರ್ಯಾದೆಗೆ ಅಂಜಿ ‘ಬಚ್ಚಲಲ್ಲಿ ಜಾರಿ ಬಿದ್ದೆ’ ಎಂದರೆ, ನಾಳೆ ಅದೇ ಚೀಟಿಯನ್ನು ಎದುರು ವಕೀಲರು ಹಿಡಿಯುತ್ತಾರೆ.

ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಹಾಕುವ ಅರ್ಜಿಯ ಜೊತೆಗೇ ಪ್ರಮಾಣಪತ್ರ (ಅಫಿಡವಿಟ್) ಕೊಟ್ಟು, ಮಧ್ಯಂತರ ರಕ್ಷಣೆ, ಜೀವನಾಂಶ ಮತ್ತು ಮಗಳ ತಾತ್ಕಾಲಿಕ ಸುಪರ್ದಿ ಕೇಳಿ. ಇದನ್ನು ಕೇಳದೇ ಬಿಟ್ಟು ತಿಂಗಳುಗಟ್ಟಲೆ ಕಾಯುವವರು ಬಹಳ. ರಕ್ಷಣಾ ಆದೇಶ ಮೀರಿದರೆ ಒಂದು ವರ್ಷದವರೆಗೆ ಜೈಲು ಅಥವಾ 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ತಾಲ್ಲೂಕು ಕಾನೂನು ಸೇವಾ ಸಮಿತಿ ಉಚಿತವಾಗಿ ವಕೀಲರನ್ನು ಕೊಡುತ್ತದೆ. ತವರಿಗೂ ಬಂದು ಗಲಾಟೆ ಮಾಡಿದರೆ 112ಕ್ಕೆ, ಸಲಹೆಗೆ 181ಕ್ಕೆ ಕರೆ ಮಾಡಿ.