ಫಳಫಳ ಹೊಳೆಯುವ ಹಳೇ ಚಾಸಿಸ್: ದುಡ್ಡು ಕೊಡಬಹುದಾ?

ಪ್ರಶ್ನೆ: ನನ್ನ ಹತ್ತಿರ ಲ್ಯಾಂಡ್ ರೋವರ್ ಸೀರೀಸ್ 3 ಇದೆ, 88 ಇಂಚಿನ (ಮುಂದಿನ-ಹಿಂದಿನ ಚಕ್ರಗಳ ನಡುವಿನ ಅಂತರ) ಮಾಡೆಲ್. ಚಾಸಿಸ್‌ನ (ಗಾಡಿಯ ಭಾರ ಹೊರುವ ಅಡಿ ಚೌಕಟ್ಟು) ಹಿಂದಿನ ಕ್ರಾಸ್‌ಮೆಂಬರ್‌ಗೆ (ಅಡ್ಡ ಪಟ್ಟಿ) ಸ್ಕ್ರೂಡ್ರೈವರ್ ಚುಚ್ಚಿದರೆ ಸೀದಾ ಒಳಗೆ ಹೋಗುತ್ತದೆ. ಒಂದು ವರ್ಕ್‌ಶಾಪ್‌ನವರು ರಿಸ್ಟೋರ್ ಮಾಡಿದ ಚಾಸಿಸ್ ಕೊಡುತ್ತೇವೆ ಅನ್ನುತ್ತಿದ್ದಾರೆ. ಬ್ಲಾಸ್ಟಿಂಗ್ ಮಾಡಿ (ಮರಳಿನಂಥ ಪುಡಿ ರಭಸದಿಂದ ಹೊಡೆದು ತುಕ್ಕು ತೆಗೆದು), ಕಪ್ಪು ಪೌಡರ್ ಕೋಟಿಂಗ್ (ಪುಡಿ ಬಣ್ಣವನ್ನು ಬಿಸಿಯಲ್ಲಿ ಕರಗಿಸಿ ಅಂಟಿಸುವ ಪದರ) ಕೊಟ್ಟಿದ್ದಾರೆ. ಬೆಲೆ ಹೊಸ ಗ್ಯಾಲ್ವನೈಸ್ಡ್ (ಸತು ಲೇಪಿಸಿದ) ಚಾಸಿಸ್‌ಗಿಂತ ಸ್ವಲ್ಪವೇ ಕಮ್ಮಿ. ತಗೊಳ್ಳಬಹುದಾ ಸರ್?

ಉತ್ತರ: ಬೆಲೆ ಅಷ್ಟು ಹತ್ತಿರ ಇದ್ದರೆ ಬೇಡ, ಹೊಸದನ್ನೇ ತಗೊಳ್ಳಿ.

ಯಾಕೆ ಅಂದರೆ, ಈ ಚಾಸಿಸ್ ತಗಡು ಸೇರಿಸಿ ವೆಲ್ಡ್ ಮಾಡಿದ ಪೆಟ್ಟಿಗೆ ಆಕಾರದ್ದು. ಕೆಸರು, ನೀರು ಒಳಗೆ ಸೇರಿಕೊಳ್ಳುತ್ತದೆ. ತುಕ್ಕು ಒಳಗಿನಿಂದ ತಿನ್ನುತ್ತಾ ಹೊರಗೆ ಬರುತ್ತದೆ. ಬ್ಲಾಸ್ಟಿಂಗ್ ಮಾಡಿದಾಗ ಹೊರಮೈ ಮಾತ್ರ ಬೆಳ್ಳಗಾಗುತ್ತದೆ, ಒಳಗಿನ ತುಕ್ಕು ಹಾಗೇ ಇರುತ್ತದೆ. ಅದರ ಮೇಲೆ ಪೌಡರ್ ಕೋಟಿಂಗ್ ಕೊಟ್ಟರೆ ನೋಡೋಕೆ ಚೆಂದ. ಆದರೆ ಒಂದು ಕಲ್ಲು ಬಡಿದು ಚೂರು ಎದ್ದರೆ ಸಾಕು, ನೀರು ಪದರದ ಅಡಿಗೆ ನುಸುಳುತ್ತದೆ. ಮೇಲೆ ಕಪ್ಪು ಹೊಳಪು ಇರುವಾಗಲೇ ಕೆಳಗೆ ಕಬ್ಬಿಣ ಹೋಗುತ್ತಿರುತ್ತದೆ.

ಗ್ಯಾಲ್ವನೈಸಿಂಗ್‌ನಲ್ಲಿ ಇಡೀ ಚಾಸಿಸ್ಸನ್ನು ಸುಮಾರು 450 ಡಿಗ್ರಿ ಸೆಲ್ಸಿಯಸ್‌ನ ಕರಗಿದ ಸತುವಿನಲ್ಲಿ ಮುಳುಗಿಸುತ್ತಾರೆ. ಸತು ಒಳಗೂ ಹರಿಯುತ್ತದೆ, ಇದೇ ಅದರ ದೊಡ್ಡ ಲಾಭ. ಗ್ಯಾಲ್ವನೈಸಿಂಗ್‌ನ ಅಂತರರಾಷ್ಟ್ರೀಯ ಮಾನದಂಡ ಐಎಸ್ಒ 1461 ಪ್ರಕಾರ 1.5ರಿಂದ 3 ಮಿ.ಮೀ. ದಪ್ಪದ ಉಕ್ಕಿಗೆ ಸತುವಿನ ಪದರ ಸರಾಸರಿ 55 ಮೈಕ್ರಾನ್ ಆದರೂ ಇರಬೇಕು. ಕಿರಿಕಿರಿಯೂ ಇದೆ. ಬೋಲ್ಟ್ ತೂತುಗಳಲ್ಲಿ ಸತು ಕಟ್ಟಿಕೊಂಡಿರುತ್ತದೆ, ಥ್ರೆಡ್‌ಗೆ ಮತ್ತೆ ಟ್ಯಾಪ್ ಹಾಕಬೇಕು. ಆ ಬಿಸಿಗೆ ತೆಳು ತಗಡು ಸೊಟ್ಟಗಾಗುವುದೂ ಉಂಟು. ಅದಕ್ಕೇ ಅಳತೆ ನೋಡಿದ್ದು ಮುಳುಗಿಸುವ ಮುಂಚೆಯಾ, ಆಮೇಲೆಯಾ ಅಂತ ಕೇಳಿ.

ಹಾಗಂತ ರಿಸ್ಟೋರ್ ಮಾಡಿದ್ದೆಲ್ಲ ದಂಡ ಅಂತಲ್ಲ. ಕೆಲವು ಗಾಡಿಗಳಿಗೆ ಹೊಸ ಚಾಸಿಸ್ ಯಾರೂ ಮಾಡುವುದೇ ಇಲ್ಲ. ಅಂಥವಕ್ಕೆ ಇದೇ ದಾರಿ. ಆಗ ನೀವು ದುಡ್ಡು ಕೊಡಬೇಕಾದ್ದು ಪೇಂಟಿಗಲ್ಲ, ದಾಖಲೆಗೆ. ಬ್ಲಾಸ್ಟಿಂಗ್ ಆದಮೇಲೆ, ಪೇಂಟ್ ಹೊಡೆಯುವ ಮುಂಚೆ ತೆಗೆದ ಫೋಟೋ ಬೇಕು. ಜಿಗ್ (ಅಳತೆ ಸರಿ ನೋಡುವ ಗಟ್ಟಿ ಚೌಕಟ್ಟು) ಮೇಲೆ ಕೂರಿಸಿ ಬರೆದ ಅಳತೆ ಬೇಕು. ಇವೆರಡೂ ಇಲ್ಲ ಅಂದರೆ ನಾನಾದರೆ ಅಲ್ಲಿಂದ ಎದ್ದು ಬರುತ್ತೇನೆ.

ಹೋಗುವಾಗ ಸಣ್ಣ ಸುತ್ತಿಗೆ, ಟೇಪು, ಬೋರೊಸ್ಕೋಪ್ (ತೂತಿನೊಳಗೆ ತೂರಿಸಿ ನೋಡುವ ಸಣ್ಣ ಕ್ಯಾಮೆರಾ) ತಗೊಂಡು ಹೋಗಿ. ಉದ್ದಕ್ಕೂ ಮೆಲ್ಲಗೆ ತಟ್ಟುತ್ತಾ ಬನ್ನಿ. ಗಟ್ಟಿ ತಗಡು ಠಣ್ ಅನ್ನುತ್ತದೆ. ಸದ್ದು ಸತ್ತ ಕಡೆ ಒಳಗೆ ಮಣ್ಣು, ತುಕ್ಕಿನ ಹೆಕ್ಕಳಿಕೆ ಅಥವಾ ತೇಪೆ ಮೇಲೆ ತೇಪೆ ಇರಬಹುದು. ಔಟ್‌ರಿಗ್ಗರ್‌ಗಳ (ಬಾಡಿ ಕೂರಿಸಲು ಪಕ್ಕಕ್ಕೆ ಚಾಚಿದ ತೋಳುಗಳು) ಬುಡ, ಹಿಂದಿನ ಸ್ಪ್ರಿಂಗ್ ಹ್ಯಾಂಗರ್‌ಗಳ (ಸ್ಪ್ರಿಂಗ್ ಸಿಕ್ಕಿಸುವ ಕೊಂಡಿಗಳು) ಸುತ್ತ ಜಾಸ್ತಿ ಹೊತ್ತು ನಿಲ್ಲಿ. ನೀರು ಇಳಿಯುವ ತೂತಿನಿಂದ ಬೋರೊಸ್ಕೋಪ್ ತೂರಿಸಿ ಒಳಗೆ ನೋಡಿ. ಆಮೇಲೆ ಬೋಲ್ಟ್ ತೂತಿನಿಂದ ತೂತಿಗೆ ಎರಡೂ ಕರ್ಣ ಅಳೆದು, ವರ್ಕ್‌ಶಾಪ್ ಮ್ಯಾನ್ಯುಯಲ್‌ನ ಚಿತ್ರಕ್ಕೆ ಹೋಲಿಸಿ. ಕರ್ಣ ಸರಿ ಇದ್ದರೂ ಚಾಸಿಸ್ ತಿರುಚಿಕೊಂಡಿರಬಹುದು. ಅದಕ್ಕೆ ಒಂದೇ ಎತ್ತರದ ನಾಲ್ಕು ಸ್ಟ್ಯಾಂಡ್ ಮೇಲಿಟ್ಟು ಮಟ್ಟವನ್ನೂ ನೋಡಬೇಕು. ವೆಲ್ಡಿಂಗನ್ನು ಉಜ್ಜಿ ಉಜ್ಜಿ ನುಣ್ಣಗೆ ಮಾಡಿದ್ದರೆ ನನಗೆ ಸುಮ್ನೆ ಅನುಮಾನ ಬರುತ್ತದೆ. ಕಣ್ಣಿಗೆ ಕಾಣುವ ವೆಲ್ಡಿಂಗೇ ವಾಸಿ.

ಇನ್ನೊಂದು ಮಾತು. ನಿಮಗೆ ಚಾಸಿಸ್ ಬದಲಾಯಿಸಲೇಬೇಕಾ? ಹಿಂದಿನ ಕ್ರಾಸ್‌ಮೆಂಬರ್ ಒಂದೇ ಹೋಗಿದ್ದು, ಮಿಕ್ಕಿದ್ದು ಗಟ್ಟಿ ಇದ್ದರೆ, ಅದೊಂದೇ ಭಾಗ ಹೊಸದು ಸಿಗುತ್ತದೆ. ಹಳೇದನ್ನು ಕತ್ತರಿಸಿ ಹೊಸದನ್ನು ವೆಲ್ಡ್ ಮಾಡಿಸಿದರೆ ಆಯ್ತು. ಚಾಸಿಸ್ ನಂಬರ್ರೂ ನಿಮ್ಮದೇ ಉಳಿಯುತ್ತದೆ. ರಿಸ್ಟೋರ್ ಮಾಡಿದ ಚಾಸಿಸ್ ಮೇಲೆ ಬೇರೆ ಗಾಡಿಯ ನಂಬರ್ ಇರುತ್ತದೆ ಅಲ್ವಾ? ಅದರ ಕಾಗದ ಪತ್ರ ಎಲ್ಲಿ, ರಿಜಿಸ್ಟ್ರೇಷನ್‌ನವರು ಏನಂತಾರೆ ಅನ್ನುವುದನ್ನು ಅಡ್ವಾನ್ಸ್ ಕೊಡುವ ಮುಂಚೆಯೇ ತಿಳಿದುಕೊಳ್ಳಿ.

ಬದಲಾಯಿಸುವುದೇ ಆದರೆ ಖರ್ಚು ಚಾಸಿಸ್‌ಗೇ ನಿಲ್ಲುವುದಿಲ್ಲ. ಹಳೇ ಸ್ಪ್ರಿಂಗ್ ಬುಷ್‌ಗಳು ಬೋಲ್ಟಿಗೆ ಕಚ್ಚಿಕೊಂಡಿರುತ್ತವೆ, ಎಷ್ಟೋ ಸಲ ಕತ್ತರಿಸಿಯೇ ತೆಗೆಯಬೇಕು. ಬ್ರೇಕ್ ಪೈಪು, ಪೆಟ್ರೋಲ್ ಪೈಪು, ವೈರಿಂಗ್, ರಬ್ಬರ್ ಎಲ್ಲ ಸಾಲಾಗಿ ಬರುತ್ತವೆ. ನಿಮ್ಮ ಗಾಡಿಯ ಬಾಡಿ ಹೆಚ್ಚುಪಾಲು ಅಲ್ಯೂಮಿನಿಯಂ ಆದರೂ ಬಲ್ಕ್‌ಹೆಡ್ (ಎಂಜಿನ್‌ಗೂ ಸೀಟಿಗೂ ನಡುವಿನ ಅಡ್ಡಗೋಡೆ) ಉಕ್ಕಿನದು. ಅದನ್ನು ಮೊದಲು ಪರೀಕ್ಷಿಸಿ, ಆಮೇಲೆ ಬಜೆಟ್ ಹಾಕಿ.

ಪ್ರಶ್ನೆ: ನನ್ನದು ಎಂಜಿಬಿ ರೋಡ್‌ಸ್ಟರ್, ಚಾವಣಿ ಇಲ್ಲದ ಬ್ರಿಟಿಷ್ ಸ್ಪೋರ್ಟ್ಸ್ ಕಾರು. ಇದಕ್ಕೂ ರಿಸ್ಟೋರ್ ಮಾಡಿದ ಚಾಸಿಸ್ ಸಿಗುತ್ತದಾ?

ಉತ್ತರ: ಇಲ್ಲ. 1962ರಲ್ಲಿ ಬಂದ ಎಂಜಿಬಿಗೆ ಬೇರೆ ಚಾಸಿಸ್ ಅಂತಲೇ ಇಲ್ಲ, ಬಾಡಿಯೇ ಭಾರ ಹೊರುತ್ತದೆ. ನೀವು ನೋಡಬೇಕಾದ್ದು ಬಾಗಿಲಿನ ಕೆಳಗಿನ ಸಿಲ್, ಅಂದರೆ ಉದ್ದಕ್ಕೆ ಹೋಗುವ ಟೊಳ್ಳು ತೊಲೆ. ಹೊರಗಿನ ತಗಡು ಹೊಸದಾಗಿ ಕಂಡರೂ ಒಳಗಿನ ತಗಡು, ಅಡಿಯ ಪಟ್ಟಿ ತುಕ್ಕು ತಿಂದು ಹೋಗಿರಬಹುದು. ಬ್ರಿಟಿಷ್ ಮೋಟಾರ್ ಹೆರಿಟೇಜ್ ಸಂಸ್ಥೆ 1988ರಿಂದ ಪೂರ್ತಿ ಹೊಸ ಬಾಡಿಶೆಲ್ ಮಾಡಲು ಶುರು ಮಾಡಿತು. ತುಕ್ಕು ಜಾಸ್ತಿ ಇದ್ದರೆ ಅದನ್ನೂ ಲೆಕ್ಕ ಹಾಕಿ ನೋಡಿ. ರಿಪೇರಿ ಮಾಡಿಸುವುದಾದರೆ ಸಿಲ್ ಕತ್ತರಿಸುವ ಮುಂಚೆ ಬಾಗಿಲ ಜಾಗಕ್ಕೆ ಅಡ್ಡ ರಾಡ್ ಬಿಗಿಸಲು ಹೇಳಿ. ಮೇಲೆ ಚಾವಣಿ ಇಲ್ಲದ ಗಾಡಿ, ನಡು ಬಗ್ಗಿದರೆ ಬಾಗಿಲು ಮತ್ತೆ ಸರಿಯಾಗಿ ಕೂರುವುದಿಲ್ಲ.